ಅರ್ಜೆಂಟಕ್ಕನ ಅರವತ್ತು ಗಂಟೆ

ಅವಳಿಗೆ ಅರ್ಜೆಂಟಕ್ಕ ಎಂದು ಹೆಸರಿಟ್ಟವರು ಯಾರು ಎಂಬುದು ಈಗ ಯಾರಿಗೂ ನೆನಪಿಲ್ಲ. ನೀರು ಸರಬರಾಜು ಕಚೇರಿಯ ಗೇಟಿನವನು ತಾನೇ ಎನ್ನುತ್ತಾನೆ, ಕ್ಯಾಂಟೀನಿನವನು ತಾನೇ ಎನ್ನುತ್ತಾನೆ. ಯಾರಿಟ್ಟರೇನು, ಹೆಸರು ಸರಿಯಾಗಿ ಕೂತಿತು. ಲಿಫ್ಟಿನ ಗುಂಡಿಯನ್ನು ನಾಲ್ಕು ಸಲ ಒತ್ತಿ, ಅದು ಕೆಳಗಿಳಿಯುವಷ್ಟರಲ್ಲಿ ಮೆಟ್ಟಿಲು ಹತ್ತಿ ಮೂರನೇ ಮಹಡಿ ಸೇರಿಬಿಡುವ ಹೆಂಗಸು ಅವಳು. ಬಿಸಿ ಚಹಾಕ್ಕೆ ನಾಲಿಗೆ ಸುಟ್ಟುಕೊಳ್ಳದ ದಿನವಿಲ್ಲ. ಮದುವೆಯ ಆಲ್ಬಮ್ಮಿನ ಅರ್ಧಕ್ಕರ್ಧ ಚಿತ್ರಗಳಲ್ಲಿ ಗಂಡ ಕಂಬದ ಹಾಗೆ ನಿಂತಿದ್ದಾನೆ, ಪಕ್ಕದಲ್ಲಿ ಅವಳ ಮುಖವಿರಬೇಕಾದ ಕಡೆ ಒಂದು ಮಸುಕು ಮಾತ್ರ ಇದೆ.

ಇಂಥವಳಿಗೆ ದಕ್ಕಿದ ಕೆಲಸ ನೋಡಿ, ಬರೀ ಕಾಯುವ ಕೆಲಸ. ಊರಿನ ಹದಿನಾಲ್ಕು ಪಂಪ್‌ಹೌಸುಗಳಲ್ಲಿ ಹದಿನಾಲ್ಕು ಹಳೆಯ ಕಂಪ್ಯೂಟರುಗಳಿದ್ದವು. ಅವುಗಳೊಳಗಿನ ಚಿಪ್ ಯಾವ ಕಾಲದ್ದೋ. ತಯಾರಿಸಿದ ಕಂಪನಿ ಬಾಗಿಲು ಹಾಕಿಕೊಂಡು ಎಷ್ಟೋ ವರ್ಷವಾಗಿತ್ತು. ಉಳಿದವರ ಕಂಪ್ಯೂಟರಿಗೆ ಸಾಫ್ಟ್‌ವೇರು ಸಿದ್ಧ ಉಡುಪಿನ ಹಾಗೆ ಹೊಲಿದು, ಮಡಚಿ, ಪ್ಯಾಕೆಟಿನಲ್ಲಿ ಬರುತ್ತದೆ. ಬಿಚ್ಚಿ ತೊಡಿಸಿದರೆ ಮುಗಿಯಿತು. ಈ ಹದಿನಾಲ್ಕರ ಅಳತೆಗೆ ಹೊಲಿಯುವವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಬರೆದವರು ಬಿಟ್ಟುಕೊಟ್ಟ ಮೂಲ ಬರಹವನ್ನು ತಂದು, ಆ ಯಂತ್ರದಲ್ಲೇ ಹಾಕಿ, ಅದರ ಕೈಯಿಂದಲೇ ಅದಕ್ಕೆ ತಿಳಿಯುವ ಭಾಷೆಗೆ ತುಂಡು ತುಂಡಾಗಿ ತಿರುಗಿಸಿ ಕಟ್ಟಿಸಬೇಕು. ಕಚೇರಿಯಲ್ಲಿ ಅದಕ್ಕೆ ‘ಕಟ್ಟೋದು’ ಎಂದೇ ಹೆಸರು. ಹೊಸ ಕಂಪ್ಯೂಟರು ಹತ್ತು ನಿಮಿಷದಲ್ಲಿ ಕಟ್ಟುವುದನ್ನು ಇವು ಎರಡು ದಿನ ಕಟ್ಟುತ್ತವೆ. ಪರದೆಯ ಮೇಲೆ ಸಾಲುಗಳು ಹರಿಯುತ್ತವೆ, ಎಡಗಡೆ ಶೇಕಡಾ ಲೆಕ್ಕ ಒಂದೊಂದಾಗಿ ಏರುತ್ತದೆ, ಕಟ್ಟಿಸುವವರಿಗೆ ಉಗುರು ಕಚ್ಚುವುದು ಬಿಟ್ಟರೆ ಬೇರೆ ಕೆಲಸವಿರುವುದಿಲ್ಲ.

ಮೀಟರ್ ಲೆಕ್ಕ ಬರೆಯುವ ಗುಮಾಸ್ತೆಯಾಗಿ ಸೇರಿದ ಅರ್ಜೆಂಟಕ್ಕ ಇದನ್ನು ಯಾರಿಂದಲೂ ಕಲಿತವಳಲ್ಲ. ಒಂದು ಪಂಪ್‌ಹೌಸಿನ ಯಂತ್ರ ಕೆಟ್ಟು, ರಿಪೇರಿಯವನು ನಾಳೆ ಬರ್ತೀನಿ, ನಾಳೆ ಬರ್ತೀನಿ ಎಂದು ಎಂಟು ದಿನ ಕಳೆದಾಗ, ತಡೆಯಲಾರದೆ ತಾನೇ ಕೈ ಹಾಕಿದಳು. ಕಾಯಲಾರದ ಸ್ವಭಾವವೇ ಅವಳನ್ನು ಕಾಯುವ ಕೆಲಸಕ್ಕೆ ತಂದು ಕೂರಿಸಿತು. ಹನ್ನೊಂದು ವರ್ಷ ಹದಿನಾಲ್ಕು ಯಂತ್ರಗಳ ಹಿಂದೆ ಓಡಿದ ಮೇಲೆ ಅವಳಿಗೆ ಎರಡು ವಿಷಯ ಮನದಟ್ಟಾಗಿದ್ದವು. ಹಳೆಯದರ ನಕಲು ತೆಗೆದಿಡದೆ ಹೊಸದಕ್ಕೆ ಕೈ ಹಾಕಬಾರದು. ನಿಧಾನದ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ತುಂಡು ಕೊಡಬೇಕು, ನಾಲ್ಕು ಕೊಟ್ಟರೆ ಅದು ಉಸಿರುಗಟ್ಟಿ ಬೀಳುತ್ತದೆ. ಹೊಸದಾಗಿ ಸೇರಿದವರಿಗೆ ಇವೆರಡನ್ನೂ ಬೆರಳು ತೋರಿಸಿ, ಹೆದರಿಸಿ ಹೇಳುತ್ತಿದ್ದಳು.

ಮನೆಯಲ್ಲಿ ಮೂರು ಜನ. ಸಿಟಿ ಬಸ್ಸು ಓಡಿಸುವ ಗಂಡ, ಅವಳು, ಅತ್ತೆ. ಅತ್ತೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಮೇಲ್ವಿಚಾರಕಿಯಾಗಿದ್ದವರು. ಆರು ಯಂತ್ರಗಳ ಗದ್ದಲದ ಮೇಲೆ ಕೂಗಿ ಕೂಗಿ ಬೆಳೆಸಿದ ಗಂಟಲು. ಅವರು ಅಡುಗೆಮನೆಯಲ್ಲಿ ಪ್ರಶ್ನೆ ಕೇಳಿದರೆ ಎದುರು ಮನೆಯವರು ಉತ್ತರ ಕೊಡಬಹುದಿತ್ತು. ಮೂರು ವರ್ಷದ ಹಿಂದೆ ಡಾಕ್ಟರು ಗಡ್ಡೆಯ ಜೊತೆಗೆ ಆ ದನಿಯನ್ನೂ ತೆಗೆದರು. ಬದಲಿಗೆ ಒಂದು ಮಾತಿನ ಪೆಟ್ಟಿಗೆ ಬಂತು. ದಪ್ಪ ಪುಸ್ತಕದಷ್ಟು ಗಾತ್ರ, ಉಬ್ಬಿದ ದೊಡ್ಡ ದೊಡ್ಡ ಅಕ್ಷರದ ಗುಂಡಿಗಳು, ಒಂದು ಚಿಕ್ಕ ಪರದೆ. ಒತ್ತಿದ್ದನ್ನು ಅದು ಮೂಗು ಕಟ್ಟಿದ ಗಂಡಸಿನ ದನಿಯಲ್ಲಿ ಓದಿ ಹೇಳುತ್ತಿತ್ತು. “ಯಾರ ದನಿಯಾದ್ರೇನು, ಬೈಯೋಕೆ ಬರುತ್ತಲ್ಲ” ಎಂದು ಅತ್ತೆ ಅದರಲ್ಲೇ ಹೇಳಿದ್ದರು.

ಪೆಟ್ಟಿಗೆಯ ತಳ ಬಿಚ್ಚಿ ನೋಡಿದ ದಿನ ಅರ್ಜೆಂಟಕ್ಕ ಹಣೆ ಚಚ್ಚಿಕೊಂಡಳು. ಒಳಗಿದ್ದದ್ದು ಪಂಪ್‌ಹೌಸಿನ ಜಾತಿಯದೇ ಚಿಪ್. ಕಚೇರಿಯಲ್ಲಿ ಹದಿನಾಲ್ಕಿದ್ದದ್ದು ಸಾಲದು ಎಂದು ಹದಿನೈದನೆಯದು ಮನೆಗೇ ಬಂದಿತ್ತು. ಈಚೆಗಂತೂ ಅದು ನಾಲ್ಕೈದು ಮಾತಿಗೊಮ್ಮೆ ಮುಷ್ಕರ ಹೂಡತೊಡಗಿತ್ತು. ಆರಿಸಿ, ಮತ್ತೆ ಹಚ್ಚಿ, ಅದು ಎಚ್ಚರಗೊಳ್ಳಲು ನಾಲ್ಕು ನಿಮಿಷ. ಅತ್ತೆ ಬೈಯಲು ಶುರು ಮಾಡಿದ್ದು ಮುಗಿಯುವ ಹೊತ್ತಿಗೆ ಬೈಸಿಕೊಳ್ಳಬೇಕಾದವರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

ಆ ಮಂಗಳವಾರ ಸಂಜೆ ಫೋನು ಬಂದದ್ದು ಅತ್ತೆಯ ತಂಗಿಯ ಮಗನಿಂದ. ಅವನು ಬಂದರಿನಲ್ಲಿ ಕ್ರೇನು ನಡೆಸುವವನು, ರೈಲಿನಲ್ಲಿ ಎರಡು ದಿನದ ದೂರ. ತಾಯಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿವೆ, ಇನ್ನು ಒಬ್ಬಳನ್ನೇ ಬಿಡುವಂತಿಲ್ಲ, ತನ್ನಲ್ಲಿಗೆ ಕರೆಸಿಕೊಳ್ಳುತ್ತಿದ್ದೇನೆ ಎಂದ. ಊರಿನವರು ರೈಲು ಹತ್ತಿಸುತ್ತಾರೆ, ಶುಕ್ರವಾರ ಬೆಳಿಗ್ಗೆ ನಿಮ್ಮೂರಲ್ಲಿ ಇಳಿದು ಹತ್ತಕ್ಕೆ ನಿಮ್ಮನೆ ಸೇರುತ್ತಾಳೆ, ನಾಲ್ಕರ ರೈಲು ಹತ್ತಬೇಕು, ನಡುವೆ ಅಕ್ಕನನ್ನು ನೋಡಬೇಕಂತೆ ಎಂದ.

ಆ ತಂಗಿಯ ಹೆಸರು ಒಂಬತ್ತು ವರ್ಷದಿಂದ ಈ ಮನೆಯಲ್ಲಿ ಒಂದೇ ಅರ್ಥದಲ್ಲಿ ಬರುತ್ತಿತ್ತು. ಹೆತ್ತ ತಾಯಿ ಹಾಸಿಗೆ ಹಿಡಿದು ಸತ್ತರೂ ಮುಖ ತೋರಿಸದ ಕಲ್ಲು. ಅರ್ಜೆಂಟಕ್ಕನೂ ಆ ಕಥೆಯನ್ನು ಕಚೇರಿಯಲ್ಲಿ, ಅಕ್ಕಪಕ್ಕದಲ್ಲಿ, ಉಪ್ಪು ಖಾರ ಹಚ್ಚಿ ಎಷ್ಟು ಸಲ ಹೇಳಿದ್ದಳೋ. ಗಂಡ ಚಿಕ್ಕಂದಿನಲ್ಲಿ ಎರಡು ವರ್ಷ ಆ ಚಿಕ್ಕಮ್ಮನ ಮಡಿಲಲ್ಲೇ ಬೆಳೆದವನು. ಅವನೂ ಒಂಬತ್ತು ವರ್ಷದಿಂದ ಅವರಿಗೆ ಒಂದು ಸಾಲು ಬರೆದಿರಲಿಲ್ಲ.

ಆದರೆ ಈ ಒಂದು ವರ್ಷದಲ್ಲಿ ಅತ್ತೆ ತಂಗಿಗೆ ಎರಡು ಸಲ ಫೋನು ಮಾಡಿಸಿದ್ದರು. ಎರಡು ಸಲವೂ ಆ ಕಡೆಯವರು ಪೆಟ್ಟಿಗೆಯ ದನಿ ಕೇಳಿ, ಯಾವುದೋ ಕಂಪನಿಯ ಜಾಹೀರಾತು ಎಂದುಕೊಂಡು, “ನಮಗೇನೂ ಬೇಡಪ್ಪ” ಎಂದು ಇಟ್ಟುಬಿಟ್ಟರು. ಕಾಗದ ಬರೆದರೆ ಬೇರೆಯವರು ಓದಿ ಹೇಳಬೇಕು. ಎದುರಿಗೆ ಕೂತು, ಕೈ ಹಿಡಿದು, ಇದು ನಾನೇ ಎಂದು ತೋರಿಸಿ ಮಾತಾಡುವುದೊಂದೇ ದಾರಿ ಉಳಿದಿತ್ತು.

ಫೋನು ಇಟ್ಟ ಮೇಲೆ ಅತ್ತೆ ಸೊಸೆಯನ್ನು ಹತ್ತಿರ ಕರೆದು ಪೆಟ್ಟಿಗೆಯಲ್ಲಿ ಒತ್ತಿದರು. “ಅವಳ ಹತ್ರ ಒಂದು ವಿಷಯ ಹೇಳೋದಿದೆ. ನೀವಿಬ್ರೂ ಆಗ ಹೊರಗೆ ಹೋಗ್ಬೇಕು. ಈ ಪೆಟ್ಟಿಗೆ ಅವತ್ತು ಮಧ್ಯದಲ್ಲಿ...” ಅಷ್ಟಕ್ಕೆ ಪೆಟ್ಟಿಗೆ ಮುಷ್ಕರ ಹೂಡಿತು.

“ನೀವೇನೂ ತಲೆ ಕೆಡಿಸ್ಕೋಬೇಡಿ ಅತ್ತೆ. ಹೊಸ ಮಾತು ಕಟ್ಟಿ ಕೊಡ್ತೀನಿ. ಶುಕ್ರವಾರ ನೀವು ಒಂದು ಗಂಟೆ ಭಾಷಣ ಮಾಡಿದ್ರೂ ನಿಲ್ಲಲ್ಲ.”

ಹೇಳಿದವಳು ಕೈ ಕಟ್ಟಿ ಕೂರುವವಳೇ? ಚಹಾ ಲೋಟ ತೊಳೆಯುವಷ್ಟರಲ್ಲಿ ಅವಳ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಕಚೇರಿಯ ಬೇರೆ ಕಂಪ್ಯೂಟರಿನಲ್ಲಿ ಕಟ್ಟಿ ತಂದದ್ದು ಈ ಚಿಪ್ಪಿನ ಹೊಟ್ಟೆಗೆ ಒಗ್ಗುವುದಿಲ್ಲ, ಹಿಂದೊಮ್ಮೆ ನೋಡಿದ್ದಳು, ಬಾಯಲ್ಲಿ ನೀರು ತುಂಬಿಕೊಂಡು ಗೊಳಗೊಳ ಎಂದಂತೆ ಮಾತಾಡಿತ್ತು. ಪೆಟ್ಟಿಗೆಯಲ್ಲೇ ಕಟ್ಟಬೇಕು. ಒಂದೊಂದೇ ತುಂಡಾಗಿ ಕಟ್ಟಿದರೆ ಅರವತ್ತು ಗಂಟೆ. ಈಗ ಮಂಗಳವಾರ ಸಂಜೆ ಏಳು. ಅರವತ್ತು ಗಂಟೆ ಎಂದರೆ ಶುಕ್ರವಾರ ಬೆಳಿಗ್ಗೆ ಏಳು. ಚಿಕ್ಕತ್ತೆ, ಎಂದರೆ ಅತ್ತೆಯ ಆ ತಂಗಿ, ಬರುವುದಕ್ಕೆ ಮೂರು ಗಂಟೆ ಮೊದಲು. ಹೇಳಿ ಮಾಡಿಸಿದ ಹಾಗೆ ಹೊಂದುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಚ್ಚಿ, ದೂರ ಸರಿದು, ಊಟ ಮಾಡುತ್ತಿದ್ದರು.

ಪೆಟ್ಟಿಗೆಯಲ್ಲಿ ಜಾಗ ಸ್ವಲ್ಪ ಕಡಿಮೆ ಬಿತ್ತು. ಏನನ್ನಾದರೂ ತೆಗೆಯಬೇಕು. ಒಳಗೆ ದೊಡ್ಡದಾಗಿ ಕೂತಿದ್ದದ್ದು ಹಳೆಯ ದನಿಯೊಂದೇ. ಅದನ್ನು ಹೊರಗೆ ನಕಲು ತೆಗೆದಿಡಲು ಎರಡು ಗಂಟೆ ಎಂದು ಪರದೆ ತೋರಿಸಿತು. ಎರಡು ಗಂಟೆ ಯಾರು ಕೂರುತ್ತಾರೆ? ಅಲ್ಲದೆ ಆ ಮೂಗು ಕಟ್ಟಿದ ದನಿ ಇನ್ನು ಯಾರಿಗೆ ಬೇಕು? ಅಳಿಸಿಬಿಟ್ಟಳು. ಆಮೇಲೆ ಕಟ್ಟುವ ಆಜ್ಞೆ ಕೊಡುವಾಗ ಬೆರಳು ಒಂದು ಕ್ಷಣ ನಿಂತಿತು. ಒಂದು ಸಲಕ್ಕೆ ಒಂದೇ ತುಂಡು ಎಂದರೆ ಅರವತ್ತು. ನಾಲ್ಕು ಎಂದರೆ ಹದಿನೈದು. ನಾಳೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಅತ್ತೆಯ ಕೈಗೆ ಹೊಸ ದನಿ ಕೊಟ್ಟರೆ ಅವರ ಮುಖ ಹೇಗಿರುತ್ತದೆ ಎಂದು ಕಣ್ಣಿಗೆ ಕಟ್ಟಿತು. ನಾಲ್ಕು ಎಂದು ಒತ್ತಿದಳು.

“ಕೈ ತುರಿಕೆ ನಿಂಗೆ” ಎಂದ ಗಂಡ, ಹೊಸ ಶೂ ಲೇಸು ಕಟ್ಟುತ್ತ. “ಬಸ್ಸೊಳಗೆ ಕೂತ್ಕೊಂಡು ಮುಂದಿನ ಸೀಟು ತಳ್ಳಿದ್ರೆ ಬೇಗ ಹೋಗುತ್ತಾ?”

“ನಿಮ್ಮ ಬಸ್ಸು ಯಾವತ್ತು ಬೇಗ ಹೋಗಿದೆ, ತಳ್ಳಿ ನೋಡೋಕೆ?” ಎಂದಳು ಅವಳು.

ಬುಧವಾರ ಬೆಳಿಗ್ಗೆ ಆರೂವರೆಗೆ ಅವಳು ಬಂದು ನೋಡಿದಾಗ ಪೆಟ್ಟಿಗೆಯ ಪರದೆ ಕಲ್ಲಾಗಿ ನಿಂತಿತ್ತು. ಶೇಕಡಾ ನಲವತ್ತೊಂದು. ಯಾವ ಗುಂಡಿಗೂ ಜಗ್ಗಲಿಲ್ಲ. ಮುಟ್ಟಿದರೆ ಕೈ ಸುಡುತ್ತಿತ್ತು. ವೈರು ಕಿತ್ತು, ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚಿ ಒಳಗೆ ಇಣುಕಿದಳು. ಕಟ್ಟಿ ಮುಗಿದ ನೂರಾರು ತುಂಡುಗಳ ನಡುವೆ ಅರ್ಧಂಬರ್ಧ ಬರೆದು ಕೈಬಿಟ್ಟ ತುಂಡುಗಳೂ ಸೇರಿಕೊಂಡಿದ್ದವು. ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಹೊರಗಿನಿಂದ ಹೇಳುವಂತಿರಲಿಲ್ಲ. ಮಧ್ಯದಿಂದ ಮುಂದುವರಿಸಿದರೆ ಕೊನೆಗೆ ಜೋಡಿಸುವಾಗ ಎಲ್ಲ ಕುಸಿಯುತ್ತದೆ. ಮೊದಲಿನಿಂದಲೇ ಶುರು ಮಾಡಬೇಕು, ಅದೂ ಒಂದೊಂದೇ ತುಂಡಾಗಿ. ಗಡಿಯಾರ ನೋಡಿದಳು. ಏಳು. ಬೆರಳು ಮಡಚಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಶುಕ್ರವಾರ ಸಂಜೆ ಏಳು. ಚಿಕ್ಕತ್ತೆ ಹತ್ತುವ ರೈಲು ನಾಲ್ಕಕ್ಕೆ.

ಒಂದೊಂದೇ ತುಂಡು ಎಂದು ಒತ್ತಿ ಅವಳು ಅಲ್ಲೇ ಕೂತುಬಿಟ್ಟಳು. ಹಿಂದೆ ಅತ್ತೆ ಬಂದು ನಿಂತಿದ್ದು ಗೊತ್ತಾಗಲಿಲ್ಲ. ಅವರ ಕೈಯಲ್ಲಿ ರೂಲು ಹಾಕಿದ ನೋಟ್‌ಪುಸ್ತಕ, ಪೆನ್ಸಿಲು. ಕಟ್ಟುವಷ್ಟು ಹೊತ್ತು ಪೆಟ್ಟಿಗೆ ಮಾತಾಡಲಾರದು ಎಂದು ಅವಳೇ ಕೊಟ್ಟದ್ದು.

ಆಯ್ತಾ, ಎಂದು ಬರೆದು ತೋರಿಸಿದರು.

ಅವಳು ಎಲ್ಲ ಹೇಳಿದಳು. ಅತ್ತೆಯ ಪೆನ್ಸಿಲು ಮತ್ತೆ ಓಡಿತು. ಹೋಗ್ಲಿ ಬಿಡು. ನಿಲ್ಸು. ಹಳೇದನ್ನೇ ವಾಪಸ್ ಹಾಕು.

“ಹಳೇದು ಇಲ್ಲ ಅತ್ತೆ. ಅಳಿಸಿಬಿಟ್ಟೆ.”

ಅತ್ತೆ ಅವಳ ಮುಖವನ್ನೇ ನೋಡಿದರು. ನಕಲು ಇರುತ್ತಲ್ಲ ಎಂಬ ಪ್ರಶ್ನೆ ಅವರ ಹುಬ್ಬಿನಲ್ಲಿತ್ತು. ಮನೆಯಲ್ಲಿ ಅವಳು ಕಚೇರಿಯ ಹುಡುಗಿಯರನ್ನು ಫೋನಿನಲ್ಲಿ ಗದರಿಸುವುದನ್ನು ಅವರೂ ಕೇಳಿದ್ದವರೇ. ಅವಳು ತಲೆ ಅಲ್ಲಾಡಿಸಿದಳು. ಆ ಗಳಿಗೆಯಲ್ಲಿ ಅತ್ತೆ ಒಂದು ಸಲ ಬೈದಿದ್ದರೆ ಅವಳಿಗೆ ಉಸಿರು ಬರುತ್ತಿತ್ತು. ಬೈಯಲು ಅವರಿಗೆ ಬಾಯಿರಲಿಲ್ಲ. ಆ ಬಾಯನ್ನು ಕಿತ್ತವಳು ತಾನೇ ಎಂಬುದು ಅವಳಿಗೆ ಆಗ ಪೂರ್ತಿಯಾಗಿ ಹೊಳೆಯಿತು. ಅತ್ತೆ ಪೆನ್ಸಿಲನ್ನು ಪುಸ್ತಕದೊಳಗೆ ಇಟ್ಟು, ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ದಿನವೆಲ್ಲ ಒಂದಕ್ಷರ ಬರೆಯಲಿಲ್ಲ.

ಆಮೇಲಿನ ಎರಡು ದಿನ ಅರ್ಜೆಂಟಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕುಕ್ಕರು ಇಟ್ಟು ಬಂದು ನೋಡಿದಳು, ಹನ್ನೆರಡು. ಬಟ್ಟೆ ಒಣಹಾಕಿ ಬಂದು ನೋಡಿದಳು, ಹನ್ನೆರಡು. ಪರದೆ ಕೆಟ್ಟಿದೆಯೇನೋ ಎಂದು ಬಗ್ಗಿ ನೋಡಿದಳು, ಹದಿಮೂರಾಯಿತು, ಗೆದ್ದವಳ ಹಾಗೆ ಬೆನ್ನು ನೆಟ್ಟಗೆ ಮಾಡಿದಳು. ನಡುಮನೆಯ ಟೇಬಲ್ ಫ್ಯಾನು ತಂದು ಪೆಟ್ಟಿಗೆಯ ಮುಖಕ್ಕೆ ಇಟ್ಟಳು. ಕಿಟಕಿಯ ಬಿಸಿಲು ಬೀಳುತ್ತದೆಂದು ಬೆಡ್‌ಶೀಟು ಕಟ್ಟಿದಳು. ಕಚೇರಿಯಿಂದ ಊಟದ ಬಿಡುವಿನಲ್ಲಿ ಎರಡು ಬಸ್ಸು ಬದಲಿಸಿ ಮನೆಗೆ ಬಂದು, ಶೇಕಡಾ ಲೆಕ್ಕ ನೋಡಿ, ಊಟ ಮಾಡದೆ ವಾಪಸು ಓಡಿದಳು. ಎದುರು ಮನೆಯಾಕೆ ಗೇಟಿನಲ್ಲಿ ತಡೆದು, “ಅತ್ತೆ ಬಾಯಿಗೆ ಬೀಗ ಬಿದ್ರೆ ಬೇರೆ ಸೊಸೆಯರು ನೆಮ್ಮದಿಯಾಗಿ ಮಲಗ್ತಾರೆ, ನೀನ್ಯಾಕೆ ಹೀಗೆ ಒದ್ದಾಡ್ತಿದೀಯ?” ಎಂದು ನಕ್ಕಳು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಅವತ್ತು ಅವಳಿಗೆ ಅಳು ಬಂತು, ಎದುರಿಗೇ ಕಣ್ಣೊರೆಸಿಕೊಂಡಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಕಚೇರಿಗೆ ಓಡಿದಳು. ಹೊಸ ಕಂಪ್ಯೂಟರೊಂದನ್ನು ಮನೆಗೆ ಒಯ್ದರೆ ಅದರಲ್ಲಿ ಮಾತಾಡಿಸಬಹುದು. ಅತ್ತೆಗೆ ಆ ಸಣ್ಣ ಗುಂಡಿಗಳು ಕಷ್ಟ, ಆದರೂ ಮೆಲ್ಲಗೆ ಒತ್ತುತ್ತಾರೆ. ವೈರು ಸುತ್ತಿ, ಎದೆಗವಚಿಕೊಂಡು ಮೆಟ್ಟಿಲಿಳಿದು ಗೇಟಿಗೆ ಬಂದಳು.

ಗೇಟಿನವನು ಕೈ ಅಡ್ಡ ಹಿಡಿದ. “ಚೀಟಿ ಎಲ್ಲಕ್ಕಾ?”

“ಸಂಜೆ ತಂದಿಡ್ತೀನಿ ಕಣೋ. ನಮ್ಮತ್ತೆಗೆ ಬೇಕು.”

“ಸಾಹೇಬ್ರ ಸಹಿ ಇಲ್ದೆ ಒಂದು ಮೌಸೂ ಆಚೆ ಹೋಗಂಗಿಲ್ಲ. ಅವ್ರು ಸೋಮವಾರ ಬರೋದು. ನನ್ನ ಕೆಲ್ಸ ಹೋಗುತ್ತಕ್ಕಾ.”

ಅವನು ಹೇಳುವುದು ಸರಿಯಿತ್ತು. ಮೂರನೇ ಮಹಡಿಗೆ ಮತ್ತೆ ಹೊತ್ತು, ಇದ್ದಲ್ಲಿ ಇಟ್ಟು, ಅವಳು ಮನೆ ಸೇರುವಷ್ಟರಲ್ಲಿ ಹತ್ತೂಕಾಲು. ಪೆಟ್ಟಿಗೆ ಎಂಬತ್ತೈದು ಎನ್ನುತ್ತಿತ್ತು. ಗಂಡ ಸ್ಟೇಶನ್ನಿನಿಂದ ಚಿಕ್ಕಮ್ಮನನ್ನು ಕರೆತಂದು ನಡುಮನೆಯಲ್ಲಿ ಕೂರಿಸಿ ಆಗಿತ್ತು. ಬಸ್ಸಿನಲ್ಲಿ ಯಾವ ಪ್ರಯಾಣಿಕರಿಗೂ ತೋರಿಸುವಷ್ಟೇ ಮರ್ಯಾದೆ ತೋರಿಸಿ, ಚೀಲ ಬದಿಗಿಟ್ಟು, ಅವನು ಹೊರಗೆ ಹೋಗಿ ನಿಂತಿದ್ದ.

ಚಿಕ್ಕತ್ತೆ ಸಣ್ಣ ಹೆಂಗಸು. ಕಪ್ಪು ಕನ್ನಡಕ, ಮಡಿಲಲ್ಲಿ ಮಡಚುವ ಕೋಲು. ಅತ್ತೆ ಎದುರಿನ ಕುರ್ಚಿಯಲ್ಲಿ ಕೂತು ಅವರ ಎರಡೂ ಕೈ ಹಿಡಿದುಕೊಂಡಿದ್ದರು.

“ಅಕ್ಕನ ಯಂತ್ರ ಎಲ್ಲಿ? ಏನೋ ಯಂತ್ರದಲ್ಲಿ ಮಾತಾಡ್ತಾಳೆ ಅಂದ ನನ್ನ ಮಗ.”

“ಅದು ರಿಪೇರೀಲಿದೆ ಚಿಕ್ಕತ್ತೆ” ಎಂದಳು ಅರ್ಜೆಂಟಕ್ಕ. “ತಪ್ಪು ನಂದು. ಅತ್ತೆ ಬರೀತಾರೆ, ನಾನು ಓದ್ತೀನಿ.”

ಹೀಗೆ ಆ ದಿನ ಅವಳು ಅತ್ತೆಯ ಬಾಯಾದಳು. ಶುರುವಿನಲ್ಲಿ ನಗೆಪಾಟಲು. ಅತ್ತೆ ಅರ್ಧ ಸಾಲು ಬರೆಯುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಊಹಿಸಿ ಹೇಳಿಬಿಡುತ್ತಿದ್ದಳು. ಅತ್ತೆ ಪೆನ್ಸಿಲಿನಿಂದ ಕುರ್ಚಿಯ ಕೈಗೆ ಟಕ ಟಕ ಬಡಿದು, ಬರೆದದ್ದಷ್ಟೇ ಓದು, ಎಂದು ಬರೆದರು. ಅದನ್ನೂ ಅವಳು ಓದಿಬಿಟ್ಟಳು. ಚಿಕ್ಕತ್ತೆ ಬಾಯಿ ಮುಚ್ಚಿಕೊಂಡು ನಕ್ಕರು. “ಆ ಟಕ ಟಕದಲ್ಲೇ ಅಕ್ಕ ಪೂರಾ ಇದ್ದಾಳೆ ಬಿಡು. ಓದೋದೇ ಬೇಡ.”

ಕಣ್ಣು ಹೇಗೆ ಹೋಯಿತು, ಗಂಟಲು ಹೇಗೆ ಹೋಯಿತು, ಮಗನ ಮನೆಯಲ್ಲಿ ಎಷ್ಟು ಮೆಟ್ಟಿಲು, ಯಾರ ಮೊಣಕಾಲು ಹೆಚ್ಚು ನೋಯುತ್ತದೆ, ಎಲ್ಲ ಬಂದು ಹೋಯಿತು. ಹತ್ತು ನಿಮಿಷಕ್ಕೊಮ್ಮೆ ಅರ್ಜೆಂಟಕ್ಕ ಎದ್ದು ಪೆಟ್ಟಿಗೆಯ ಹತ್ತಿರ ಓಡುತ್ತಿದ್ದಳು. ಎಂಬತ್ತೆಂಟು. ಊಟ ಬಡಿಸಿದಳು. ತೊಂಬತ್ತು. ಚಿಕ್ಕತ್ತೆ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ, ಚೆಲ್ಲದೆ ಉಣ್ಣುತ್ತಿದ್ದರು. ನಡುವೆ ಮುಖವೆತ್ತಿ, “ಹೊರಗೆ ನಿಂತಿರೋ ನನ್ನ ಮಗ ಊಟ ಮಾಡಿದ್ನಾ?” ಎಂದು ಕೇಳಿದರು. ಗಂಡನನ್ನು ಅವರು ಹಾಗೆ ಕರೆದದ್ದು ಕೇಳಿ ಅರ್ಜೆಂಟಕ್ಕನಿಗೆ ಕಸಿವಿಸಿಯಾಯಿತು. ಇಷ್ಟು ಮೆತ್ತಗಿನ ಹೆಂಗಸು ತಾಯಿಯ ಸಾವಿಗೆ ಬರಲಿಲ್ಲ ಎಂಬುದನ್ನು ತಾನು ಊರಿಗೆಲ್ಲ ಹೇಳಿದ್ದು ನೆನಪಾಗಿ ತುತ್ತನ್ನು ತಟ್ಟೆಗೇ ಇಟ್ಟಳು. ಆದರೂ ಬರಲಿಲ್ಲವಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅತ್ತೆ ಅವಳತ್ತ ನೋಡಿದರು. ಅವಳು ಓಡಿ ಹೋಗಿ ಬಂದು, ಇಲ್ಲ ಎಂದು ತಲೆಯಾಡಿಸಿದಳು. ತೊಂಬತ್ತಮೂರು. ಹೊರಗೆ ಗಂಡ ಚೀಲದ ಜಿಪ್ಪು ಎಳೆಯುವ ಸದ್ದು ಕೇಳುತ್ತಿತ್ತು. ಅತ್ತೆ ಬಾಗಿಲ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು, ತಂಗಿಯ ಕಪ್ಪು ಕನ್ನಡಕದ ಕಡೆ ನೋಡಿದರು. ಆಮೇಲೆ ಪುಸ್ತಕವನ್ನು ಎದೆಗೆ ಹತ್ತಿರ ಹಿಡಿದು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಒಂದು ಪುಟ ತುಂಬಿ, ಹಿಂದಿನ ಮಗ್ಗುಲಿಗೆ ಹೋಯಿತು. ಮುಗಿಸಿ ಸೊಸೆಯ ಕಡೆ ಚಾಚಿದರು, ಆದರೆ ಅವಳು ಹಿಡಿದ ಮೇಲೂ ಪುಸ್ತಕದ ತುದಿಯನ್ನು ಅವರ ಬೆರಳು ಬಿಡಲಿಲ್ಲ. ಅವಳು ಮೆಲ್ಲಗೆ ಎಳೆದುಕೊಳ್ಳಬೇಕಾಯಿತು.

ಅವಳು ಮೊದಲು ಕಣ್ಣಿನಲ್ಲೇ ಓದಿದಳು. ಎರಡು ಸಾಲು ಓದಿ ಅತ್ತೆಯತ್ತ ನೋಡಿದಳು. ಅತ್ತೆ ನೆಲ ನೋಡುತ್ತಿದ್ದರು. ಇದನ್ನು ನಾನು ಓದಬಾರದು, ಇದಕ್ಕೇ ಅಲ್ಲವೇ ನಮ್ಮನ್ನು ಹೊರಗೆ ಹೋಗಿ ಎಂದದ್ದು, ಅರವತ್ತು ಗಂಟೆ ತಾಳಿಕೊಳ್ಳಬಲ್ಲವಳು ನಾನಾಗಿದ್ದರೆ ಇದು ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ ಎಂದುಕೊಂಡಳು. ಪೆನ್ಸಿಲು ಒಂದೇ ಸಲ, ಮೆತ್ತಗೆ, ಟಕ್ ಎಂದಿತು.

“ಅಮ್ಮ ಹೋಗೋಕೆ ನಾಲ್ಕು ದಿನ ಮುಂಚೆ ನೀನು ಫೋನು ಮಾಡಿದ್ದೆ” ಎಂದು ಓದಿದಳು. “ಇವತ್ತೇ ಹೊರಟು ಬರ್ತೀನಿ ಅಂದೆ. ಅಮ್ಮ ಹುಷಾರಾಗಿದ್ದಾಳೆ, ಬರೋದು ಬೇಡ ಅಂತ ನಾನೇ ಹೇಳಿದೆ. ಅವಳು ಹುಷಾರಾಗಿರಲಿಲ್ಲ. ನಿನ್ನ ಹೆಸರು ಬಿಟ್ಟು ಬೇರೇನೂ ಹೇಳ್ತಿರಲಿಲ್ಲ. ಆರು ವರ್ಷ ಅವಳ ಮೈ ತೊಳೆದು, ಹಾಸಿಗೆ ಬದಲಾಯಿಸಿದೋಳು ನಾನು. ಕೊನೇಲಿ ನೀನು ಬಂದ್ರೆ ನಿನ್ನನ್ನೇ ನೋಡ್ತಾ ಹೋಗ್ತಾಳೆ, ನನ್ನ ಕಡೆ ತಿರುಗೋದೂ ಇಲ್ಲ ಅಂತ ಹೊಟ್ಟೆ ಉರೀತು. ಆಮೇಲೆ ನೀನೇ ಬರಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಇಷ್ಟು ವರ್ಷ ಅದನ್ನೇ ಹೇಳ್ಕೊಂಡು ಬಂದೆ. ತಪ್ಪು ನಂದು.”

ಹೇಳಿದೆ, ಬಂದೆ ಎನ್ನುವಾಗೆಲ್ಲ ಅವಳಿಗೆ ಅದು ಅತ್ತೆಯ ಮಾತು ಎನಿಸಲಿಲ್ಲ. ಊರಿಗೆಲ್ಲ ಹೇಳಿದವಳು ಅವಳೂ ಹೌದು. ಕೊನೆಯ ಎರಡು ಪದಕ್ಕೆ ಬರುವಷ್ಟರಲ್ಲಿ ಅವಳ ದನಿಯೂ ಹಳೆಯ ಪೆಟ್ಟಿಗೆಯದರ ಹಾಗೆ ಮೂಗಿನಲ್ಲಿ ಬರುತ್ತಿತ್ತು.

ಚಿಕ್ಕತ್ತೆ ಕೋಲನ್ನು ಒಮ್ಮೆ ಬಿಚ್ಚಿ, ಮತ್ತೆ ಮಡಚಿದರು. ಅವರ ಮುಖ ಬದಲಾಗಲಿಲ್ಲ.

“ಇದ್ರಲ್ಲಿ ನಂಗೆ ಹೊಸದೇನಿದೆ ಅಕ್ಕಾ?” ಎಂದರು. “ಫೋನಿನ ಈ ಕಡೆ ಇದ್ದೋಳು ನಾನೇ ಅಲ್ವಾ.”

ಅತ್ತೆ ತಲೆ ಎತ್ತಿದರು.

“ಗೊತ್ತಿಲ್ದೇ ಇದ್ದದ್ದು ಈ ಮನೆಯೋರಿಗೆ. ಒಂಬತ್ತು ವರ್ಷದಿಂದ ನಾನು ಕಾಯ್ತಿರೋದು ಅದಕ್ಕೇ. ನೀನು ನನ್ನ ಕಿವೀಲಿ ಹೇಳಿ, ಕೈ ಹಿಡಿದು ಅತ್ತು, ರೈಲು ಹತ್ತಿಸಿಬಿಟ್ಟಿದ್ರೆ ನಾನು ಬಂದ ಹಾಗೇ ಹೋಗ್ತಿದ್ದೆ.” ಅವರು ಓದಿದ ದನಿ ಬಂದಿದ್ದ ದಿಕ್ಕಿಗೆ ಕನ್ನಡಕ ತಿರುಗಿಸಿದರು. “ಈಗ ಓದಿದ್ದು ಯಾರಮ್ಮಾ, ಸೊಸೆ ತಾನೇ?”

“ಹೌದು ಚಿಕ್ಕತ್ತೆ.”

“ನಿನ್ನ ಗಂಡ ಎಲ್ಲಿ?”

“ಹೊರಗಿದಾರೆ.”

“ಕರಿ ಅವನನ್ನ. ಇನ್ನೊಂದ್ಸಲ ಓದು. ಮೊದಲಿಂದ.”

ಅರ್ಜೆಂಟಕ್ಕ ಏಳಲಿಲ್ಲ. ಅತ್ತೆಯ ಮುಖ ನೋಡಿದಳು. ಮಗನ ಎದುರಿಗೆ ಇದನ್ನು ಓದು ಎಂದು ಅವರೇ ಹೇಳಬೇಕಿತ್ತು, ಇನ್ನು ಅವರಿಗಿಂತ ಮುಂಚೆ ಓಡುವುದು ಅವಳಿಂದ ಆಗುತ್ತಿರಲಿಲ್ಲ. ಅತ್ತೆಯ ಕುತ್ತಿಗೆ ಕೆಂಪಗಾಗಿತ್ತು. ಅವರು ಕುರ್ಚಿಯ ಕೈ ಒತ್ತಿ ಎದ್ದರು, ಹೋಗಿ ಬಾಗಿಲು ತೆರೆದರು, ಪೆನ್ಸಿಲಿನಿಂದ ಬಾಗಿಲ ಚೌಕಟ್ಟಿಗೆ ಮೂರು ಸಲ ಬಡಿದರು. ಚಿಕ್ಕಮ್ಮನ ಚೀಲ ಹೆಗಲಿಗೇರಿಸಿಕೊಂಡಿದ್ದ ಗಂಡ, ರೈಲಿಗೆ ಹೊತ್ತಾಯಿತು ಎನ್ನುತ್ತ ಒಳಗೆ ಬಂದ. ಅತ್ತೆ ಅವನಿಗೆ ನಿಲ್ಲು ಎಂದು ಕೈ ತೋರಿಸಿ, ತಮ್ಮ ಜಾಗಕ್ಕೆ ಬಂದು ಕೂತು, ಸೊಸೆಯತ್ತ ತಲೆಯಾಡಿಸಿದರು.

ಅವಳು ಪುಟ ತಿರುವಿ, ಮೊದಲ ಸಾಲಿನಿಂದ, ನಿಧಾನವಾಗಿ ಓದಿದಳು. ಬರೋದು ಬೇಡ ಅಂತ ನಾನೇ ಹೇಳಿದೆ, ಎಂಬಲ್ಲಿಗೆ ಬಂದಾಗ ಗಂಡ ಹೆಗಲಿನ ಚೀಲವನ್ನು ಇಳಿಸಿ, ಚಿಕ್ಕಮ್ಮನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟ.